ಮಾರಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ

ಅಕ್ಕಿಹೆಬ್ಬಾಳು
3 ಅಕ್ಟೋಬರ್ 2024

ರಂಜಿತಕ್ಕನವರಿಗೆ,

ನಿಮ್ಮ ಚಿಕ್ಕಮ್ಮನ ಮಗಳು ಸುನಿತಾ ಬರೆಯುತ್ತಿದ್ದೇನೆ. ಮರೆತಿದ್ದರೆ ಗುರುತಿಗೆ ಇರಲಿ ಅಂತ ಹೇಳಿದೆ. ಕಾಗದದ ಮೊದಲಿಗೆ ಕ್ಷೇಮ ಕೇಳಬೇಕು. ನಿಮ್ಮ ಕ್ಷೇಮವನ್ನು ದಿನಾ ಬೆಳಿಗ್ಗೆ ನಿಮ್ಮ ಸ್ಟೇಟಸ್ಸಿನಲ್ಲೇ ನೋಡುತ್ತಿದ್ದೇನೆ, ಇನ್ನು ಕೇಳುವುದೇನು ಉಳಿದಿದೆ? ತಲೆಗೆ ಕೆಂಪು ಹೆಲ್ಮೆಟ್ಟು, ಸೊಂಟಕ್ಕೆ ಹಗ್ಗ, ಕುಂತಿಬೆಟ್ಟದ ನೆತ್ತಿ, ಹಿಂದೆ ನೀಲಿ ಆಕಾಶ. ಇಲ್ಲಿ ಒಂದು ವಾರದಿಂದ ಜಡಿಮಳೆ, ನಿಮ್ಮ ಫೋಟೋದಲ್ಲಿ ಮಾತ್ರ ಸುಡುಬಿಸಿಲು. ಮೇಲೆ ಹತ್ತಿದವರಿಗೆ ಹವೆಯೂ ಬೇರೆಯೇ ಇರುತ್ತದೇನೋ.

ನೀವು ಎಂದು ಬರೆಯುತ್ತಿರುವುದು ಮರ್ಯಾದೆಗಲ್ಲ, ದೂರಕ್ಕೆ.

ಎರಡು ವರ್ಷದ ಹಿಂದೆ ಮಾರಮ್ಮನ ಗುಡಿ ಮುಂದೆ ಕರ್ಪೂರ ಹಚ್ಚಿ, ಇನ್ನು ಒಬ್ಬರೊಡನೊಬ್ಬರು ಮಾತಾಡುವುದಿಲ್ಲ ಎಂದು ಆಣೆ ಇಟ್ಟೆವಲ್ಲ, ಕರ್ಪೂರದ ಮೇಲೆ ಮೊದಲು ಕೈ ಚಾಚಿದವರು ನೀವು. ಆಣೆ ಮುರಿದವರು ದೇವಿಗೆ ತಪ್ಪುಕಾಣಿಕೆ ಕಟ್ಟಬೇಕು. ಕಟ್ಟಿದವಳದ್ದೇ ತಪ್ಪು ಎಂದು ಊರು ಅಂದುಕೊಳ್ಳುತ್ತದೆ. ಅದಕ್ಕೇ ಇಬ್ಬರೂ ಬಾಯಿ ಹೊಲಿದುಕೊಂಡಿದ್ದೇವೆ. ವಾಟ್ಸಾಪಿನಲ್ಲಿ ಬರೆದರೆ ಆಣೆಗೆ ತಗುಲುತ್ತದೆಯೇ ಎಂದು ಅಜ್ಜಿಯನ್ನು ಕೇಳಿದೆ. "ಮೊಬೈಲು ಅಂದ್ರೆ ಮಾತಾಡಾ ಮಿಸನ್ನು ಕಣವ್ವ, ಅದ್ರಲ್ಲಿ ಬರುದ್ರೂವೆ ಮಾತಾಡ್ದಂಗೇಯ. ಕಾಗ್ದ ಆದ್ರೆ ಪೋಸ್ಟಿನೋನು ತತ್ತಾನೆ. ಅವ್ನೇನ್ ಆಣೆ ಇಕ್ಕಿಲ್ವಲ್ಲ, ಬರಿ" ಎಂದಳು. ಅದಕ್ಕೇ ಈ ಕಾಗದ.

ವಿಷಯಕ್ಕೆ ಬರುತ್ತೇನೆ. ಜನರನ್ನು ಬೆಟ್ಟ ಹತ್ತಿಸುವ ನಿಮ್ಮ ಕಂಪನಿಯ ನಾಗಾರ್ಜುನ ಸರ್, ಬಂಡೆ ಹತ್ತಲು ಒಬ್ಬ ಹೆಣ್ಣುಮಗಳು ಬೇಕು ಎಂದು ಫೇಸ್‌ಬುಕ್ಕಿನಲ್ಲಿ ಹಾಕಿದ್ದರು. ಡಿಸೆಂಬರ್ ಎಂಟಕ್ಕೆ ಪರೀಕ್ಷೆಯಂತೆ. ಫೋನು ಮಾಡಿ, ತೆಂಗಿನಮರ ಹತ್ತಿ ಕಾಯಿ ಕೀಳುವವಳು ಎಂದೆ. ಸಂತೋಷಪಟ್ಟರು. ಆದರೆ ಹತ್ತುವುದಕ್ಕೆ ಸಂಬಂಧಪಟ್ಟ ಇಂಗ್ಲಿಷ್ ಪದಗಳು ಬಾಯಿಗೆ ಬರಬೇಕು, ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಹಗ್ಗದ ಮೇಲೆ ಇರುವಾಗ ಎಲ್ಲರದ್ದೂ ಒಂದೇ ಭಾಷೆ ಇರಬೇಕು ಎಂದರು. ನನಗೆ ಗೊತ್ತಿರುವವರಲ್ಲಿ ಆ ಪದಗಳು ಗೊತ್ತಿರುವುದು ನಿಮಗೊಬ್ಬರಿಗೇ. ಈ ಸಾಲು ಬರೆಯುವಾಗ ನನಗೆ ಎಷ್ಟು ಹೊಟ್ಟೆ ಉರಿಯಿತು ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಂಡು, ಕಳಿಸಿಕೊಡಿ.

ಸುನಿತಾ


ಪಾಂಡವಪುರ
21 ಅಕ್ಟೋಬರ್ 2024

ಸುನಿತಾ,

ಕಾಗದ ತಲುಪಿತು. ಕೆಲಸವಿತ್ತು, ಉತ್ತರ ತಡವಾಯಿತು.

ಮೊದಲು ಕೈ ಚಾಚಿದವಳು ನೀನು. ನಿನ್ನ ಬಳೆ ನನ್ನ ಕೈಗೆ ತಗುಲಿದ್ದು ಇನ್ನೂ ನೆನಪಿದೆ. ಅಷ್ಟಕ್ಕೂ ಜಗಳವಾದದ್ದು ಯಾವುದಕ್ಕೆ? ಮರ ಹತ್ತುವ ತರಬೇತಿಗೆ ಇಬ್ಬರೂ ಒಟ್ಟಿಗೆ ಹೋದೆವು. ಪೇಪರಿನವರು ಕ್ಯಾಮೆರಾ ಹಿಡಿದು ಬಂದಾಗ ನಾನು ಮರದ ತುದಿಯಲ್ಲಿದ್ದೆ, ನೀನು ನೆರಳಲ್ಲಿ ಕೂತು ಎಳನೀರು ಕುಡಿಯುತ್ತಿದ್ದೆ. ಫೋಟೋ ಯಾರದ್ದು ಬರಬೇಕಿತ್ತು? ಅದನ್ನು ನೋಡಿ ನಾಗಾರ್ಜುನ ಸರ್ ನನ್ನನ್ನು ಬೆಟ್ಟದ ಕೆಲಸಕ್ಕೆ ಕರೆದರೆ ಅದು ನನ್ನ ತಪ್ಪೇ? ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎಂದು ಆವತ್ತೇ ಗುಡಿ ಮುಂದೆ ಹೇಳಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ.

ಅಜ್ಜಿ ನಿನಗೆ ತೀರ್ಪು ಕೊಟ್ಟಳು ಎಂದು ಬರೆದಿದ್ದೀಯ. ನನಗೆ ಅಜ್ಜಿ ಫೋನಿನಲ್ಲಿ "ಉಂಡ್ಯಾ?" ಎಂದು ಕೇಳಿ ಇಟ್ಟುಬಿಡುತ್ತಾಳೆ. ನಿನ್ನನ್ನಾದರೆ ಜಗಲಿ ಮೇಲೆ ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಾಳೆ. ಚಿಕ್ಕಂದಿನಲ್ಲೂ ಅಷ್ಟೇ. ಹೊಳೆ ನಿನ್ನದು, ಹುಣಸೆಮರ ನಿನ್ನದು, ಅಜ್ಜಿ ನಿನ್ನವಳು. ನಾನು ರಜೆಗೆ ಬಸ್ಸಿನಲ್ಲಿ ಬಂದು ಹೋಗುವ ನೆಂಟಳು.

ಪದಗಳನ್ನು ಹೇಳುತ್ತೇನೆ, ಬರೆದುಕೋ. ಕ್ಲೈಂಬ್ ಎಂದರೆ ಹತ್ತು. ಅಸೆಂಡ್ ಎಂದರೂ ಅದೇ, ಆದರೆ ಅದು ಪುಸ್ತಕದಲ್ಲಿ ಮಾತ್ರ ಹತ್ತುತ್ತದೆ, ಬಂಡೆಯ ಮೇಲೆ ಯಾರೂ ಹಾಗೆ ಅನ್ನುವುದಿಲ್ಲ. ಗ್ರಿಪ್ ಎಂದರೆ ಹಿಡಿತ. ಹೋಲ್ಡ್ ಎಂದರೆ ಬಂಡೆಯಲ್ಲಿ ಕೈಗೆ ಸಿಗುವ ಜಾಗ, ಕಾಲಿಗೆ ಸಿಕ್ಕರೆ ಫುಟ್‌ಹೋಲ್ಡ್. ಲೆಡ್ಜ್ ಎಂದರೆ ನಿಂತು ಉಸಿರು ಬಿಡುವಷ್ಟು ಅಗಲದ ಅಂಚು. ಸಮಿಟ್ ಎಂದರೆ ನೆತ್ತಿ. ಅದರ ಮೇಲೆ ಹತ್ತುವುದಕ್ಕೆ ಏನೂ ಇಲ್ಲ, ಪದವೂ ಇಲ್ಲ.

ಒಂದು ಮಾತು. ಮರವಾದರೆ ತಬ್ಬಿಕೊಳ್ಳುತ್ತೀಯ, ಸುತ್ತ ಹಿಡಿ ಇರುತ್ತದೆ. ಬಂಡೆಗೆ ಬರೀ ಮುಖ. ನಿನಗೆ ಅಲ್ಲೇ ಚೆನ್ನಾಗಿದೆ, ಯೋಚನೆ ಮಾಡು.

ರಂಜಿತ


ಅಕ್ಕಿಹೆಬ್ಬಾಳು
9 ನವೆಂಬರ್ 2024

ರಂಜಿತಕ್ಕನವರಿಗೆ,

ಪದಗಳು ಬಂದವು. ಈಗ ಶಿವಣ್ಣನವರ ತೋಟದಲ್ಲಿ ಕಾಯಿ ಕೀಳುತ್ತಿದ್ದೇನೆ, ಅಲ್ಲೇ ಅಭ್ಯಾಸ. ಮರ ಹತ್ತುವ ಮಿಷನ್ನಿನ ಪೆಡಲು ತುಳಿಯುತ್ತ ಕ್ಲೈಂಬ್, ಕ್ಲೈಂಬ್ ಎಂದುಕೊಂಡೇ ಹೋಗುತ್ತೇನೆ. ನಿನ್ನೆ ಅರ್ಧಕ್ಕೆ ಹೋಗಿ "ಗ್ರಿಪ್!" ಎಂದು ಕೂಗಿದೆ. ಕೆಳಗಿದ್ದ ಶಿವಣ್ಣ ತಲೆ ಮೇಲೆ ಎರಡೂ ಕೈ ಇಟ್ಟುಕೊಂಡು ಓಡಿದರು. ಸುಳಿ ಹತ್ತಿರ ತಲುಪಿ "ಸಮಿಟ್!" ಎಂದೆ. "ಅದೇನಾರ ಇರ್ಲಿ, ಇಲಿ ತೂತು ಹೊಡ್ದಿರಾ ಕಾಯ್ನೂ ಅಂಗೇ ಕೆಡವ್ಬುಡು ಕಣವ್ವ" ಎಂದರು.

ನಗಬೇಡಿ. ನಗಿಸಲು ಬರೆದದ್ದಲ್ಲ.

ಮರದ ತುದಿಯಿಂದ ಹೇಮಾವತಿ ಕಾಣುತ್ತದೆ, ರೈಲು ಬಂದು ನಿಂತು ಹೋಗುವುದು ಕಾಣುತ್ತದೆ. ದಿನಾ ನೋಡುತ್ತೇನೆ. ಆದರೆ ನನ್ನನ್ನು ಯಾರೂ ನೋಡುವುದಿಲ್ಲ. ನಾನು ಮೇಲೆ ಹೋದಾಗ ಕೆಳಗಿನವರು ಕಾಯಿ ನೋಡುತ್ತಾರೆ. ನಿಮ್ಮನ್ನಾದರೆ ನೋಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಫೋಟೋ ತೆಗೆಯುತ್ತಾರೆ. ಆವತ್ತು ನಾನು ನೆರಳಲ್ಲಿ ಕೂತು ಎಳನೀರು ಕುಡಿಯುತ್ತಿದ್ದೆ ಎಂದಿರಿ. ಕುಡಿಯುತ್ತಿದ್ದೆ, ಹೌದು. ಎಲ್ಲರಿಗಿಂತ ಮೊದಲು ಆ ಮರ ಹತ್ತಿ, ಇದು ಗಟ್ಟಿಯಿದೆ ಬಾರಕ್ಕ ಎಂದು ನಿಮ್ಮನ್ನು ಕರೆದು, ಇಳಿದು ಕೂತಿದ್ದೆ. ಕ್ಯಾಮೆರಾ ಬರುವ ಹೊತ್ತಿಗೆ ನನ್ನ ಮರದ ಮೇಲೆ ನೀವಿದ್ದಿರಿ. ಪೇಪರಿನಲ್ಲಿ 'ಅಕ್ಕಿಹೆಬ್ಬಾಳಿನ ಯುವತಿ' ಎಂದು ಹಾಕಿದ್ದರು. ಮರವೂ ನನ್ನದು, ಊರೂ ನನ್ನದು, ಮುಖ ಮಾತ್ರ ನಿಮ್ಮದು.

ಮೊನ್ನೆ ನಾಗಾರ್ಜುನ ಸರ್‌ಗೆ ಫೋನು ಮಾಡಿ ನೀವು ಕಳಿಸಿದ ಪದಗಳನ್ನು ಒಪ್ಪಿಸಿದೆ. ಇದೆಲ್ಲ ಸರಿ, ಹತ್ತುವವರೂ ಹಗ್ಗ ಹಿಡಿದವರೂ ಒಬ್ಬರಿಗೊಬ್ಬರು ಕೂಗಬೇಕಾದ ಮಾತುಗಳಿವೆಯಲ್ಲ, ಅವೇ ಮುಖ್ಯ, ರಂಜಿತ ಹೇಳಿಕೊಡಲಿಲ್ಲವೇ ಎಂದರು. ಮರೆತಿರಬೇಕು ಸರ್ ಎಂದೆ. ಮರೆತದ್ದಲ್ಲ ಎಂದು ನನಗೂ ಗೊತ್ತು, ನಿನಗೂ ಗೊತ್ತು. ಅಟ್ಟ ಹತ್ತಿಸಿ ಏಣಿ ತೆಗೆಯುವವರ ಬಗ್ಗೆ ಕೇಳಿದ್ದೇನೆ. ನೀನು ಏಣಿಗೆ ಮೇಲಿನ ಮೆಟ್ಟಿಲುಗಳನ್ನೇ ಹಾಕದೆ ಕೊಟ್ಟೆ. ದಿನಾ ನೆತ್ತಿಯ ಮೇಲೆ ನಿಲ್ಲುವವಳಿಗೆ ನಾನೊಬ್ಬಳು ಪಕ್ಕದಲ್ಲಿ ಬಂದು ನಿಂತರೆ ಜಾಗ ಸಾಲುವುದಿಲ್ಲವೇ?

ಸಿಟ್ಟಿನಲ್ಲಿ ನೀನು ಎಂದುಬಿಟ್ಟೆ. ಇರಲಿ ಬಿಡು, ತಿದ್ದುವುದಿಲ್ಲ.

ಸುನಿತಾ


ಪಾಂಡವಪುರ
27 ನವೆಂಬರ್ 2024

ಸುನಿತಾ,

ನಿನ್ನ ಕಾಗದವನ್ನು ಹರಿಯಬೇಕು ಎಂದು ಮೂರು ಸಲ ಅಂದುಕೊಂಡೆ. ಹರಿಯದೆ ಉತ್ತರ ಬರೆಯುತ್ತಿದ್ದೇನೆ.

ಪಕ್ಕದಲ್ಲಿ ನಿಲ್ಲಲು ಬರುತ್ತೇನೆ ಎಂದೆಯಲ್ಲ, ಯಾರ ಪಕ್ಕ? ನಾಗಾರ್ಜುನ ಸರ್ ಹುಡುಕುತ್ತಿರುವುದು ಎರಡನೆಯವಳನ್ನಲ್ಲ. ಎಲ್ಲರಿಗಿಂತ ಮುಂದೆ ಹತ್ತಿ ಮೇಲೆ ಹಗ್ಗ ಕಟ್ಟಿ ಬರುವವಳನ್ನು. ಅದು ನನ್ನ ಕೆಲಸ. ಹೋದ ಬೇಸಿಗೆಯಲ್ಲಿ ಬಿದ್ದೆ. ಹಗ್ಗವಿತ್ತು, ಜೀವ ಉಳಿಯಿತು. ಆದರೆ ಜೋಲಿ ಹೊಡೆದು ಬಂಡೆಗೆ ಅಪ್ಪಳಿಸಿ ಬಲಭುಜ ಹೋಯಿತು. ಈಗ ಕೈ ತಲೆಗಿಂತ ಮೇಲೆ ಏಳುವುದಿಲ್ಲ. ಜಡೆ ಹಾಕಿಕೊಳ್ಳಲೂ ಅಮ್ಮ ಬೇಕು. ಆವತ್ತಿನಿಂದ ಬೆಟ್ಟದ ಬುಡದಲ್ಲಿ ನಿಂತು ಬೇರೆಯವರ ಹಗ್ಗ ಹಿಡಿಯುತ್ತಿದ್ದೇನೆ. ನೀನು ನೋಡಿ ಹೊಟ್ಟೆ ಉರಿಸಿಕೊಳ್ಳುವ ಫೋಟೋಗಳೆಲ್ಲ ಹಳೆಯವು. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ಬರಬೇಕು? ನಿನಗೆ ಕಾಣಲಿ ಅಂತಲೇ ಹಾಕುತ್ತಿದ್ದೆ. ಈಗ ಸಮಾಧಾನವಾಯಿತೇ?

ನಿನ್ನ ಮೊದಲ ಕಾಗದ ಬಂದಾಗ, ಯಾರೋ ಇವಳಿಗೆ ಸುದ್ದಿ ಮುಟ್ಟಿಸಿದ್ದಾರೆ, ನನ್ನ ಜಾಗ ಕಿತ್ತುಕೊಳ್ಳಲು ಬರುತ್ತಿದ್ದಾಳೆ, ಅದಕ್ಕೆ ಬೇಕಾದ ಪದಗಳನ್ನೂ ನನ್ನ ಕೈಯಲ್ಲೇ ಬರೆಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಈಗಲೂ ಹಾಗಲ್ಲ ಎಂಬ ನಂಬಿಕೆಯಿಲ್ಲ. ದಿನಾ ಪೆಡಲು ತುಳಿದು ಆಕಾಶಕ್ಕೆ ಹೋಗಿಬರುವವಳು, ನನ್ನನ್ನು ಯಾರೂ ನೋಡುವುದಿಲ್ಲ ಎಂದು ಅಳುತ್ತೀಯ. ನಾನು ಕತ್ತೆತ್ತಿ ಎತ್ತಿ ಬೇರೆಯವರನ್ನು ನೋಡುತ್ತೇನೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ನಿನ್ನ ಎರಡು ಭುಜದ ಮೇಲೂ ಹೊಟ್ಟೆಕಿಚ್ಚು.

ಉಳಿದ ಮೆಟ್ಟಿಲು ಇದೋ. ಹತ್ತುವ ಮೊದಲು ನೀನು "ಆನ್ ಬಿಲೇ?" ಎಂದು ಕೇಳಬೇಕು. ಹಗ್ಗ ಹಿಡಿದಿದ್ದೀಯಾ ಎಂದು. ಕೆಳಗಿನವಳು "ಬಿಲೇ ಆನ್" ಎನ್ನಬೇಕು. ನೀನು "ಕ್ಲೈಂಬಿಂಗ್" ಎನ್ನಬೇಕು, ಅವಳು "ಕ್ಲೈಂಬ್ ಆನ್" ಎಂದ ಮೇಲೆಯೇ ಕಾಲು ಎತ್ತಬೇಕು. ಹಗ್ಗ ಸಡಿಲ ಬೇಕಾದರೆ "ಸ್ಲ್ಯಾಕ್". ಬಿಗಿ ಬೇಕಾದರೆ "ಟೇಕ್". ಇಳಿಸು ಎನ್ನಲು "ಲೋವರ್". ಕೆಳಗಿನಿಂದ ಉತ್ತರ ಬಾರದೆ ಹೆಜ್ಜೆ ಇಟ್ಟರೆ ಅಲ್ಲಿಗೇ ಪರೀಕ್ಷೆ ಮುಗಿಯಿತು.

ಎಂಟನೇ ತಾರೀಕು ಕೆಳಗೆ ನಿಂತು ನಿನ್ನ ಹಗ್ಗ ಹಿಡಿಯುವವಳು ನಾನು. ನಮ್ಮ ನಡುವೆ ಆಣೆ ಇದೆ. ಅದಕ್ಕೇನು ಮಾಡುತ್ತೀಯ?

ಭುಜದ ವಿಷಯ ಅಜ್ಜಿಗೆ ಹೇಳಿದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ.

ರಂಜಿತ


ಅಕ್ಕಿಹೆಬ್ಬಾಳು
1 ಡಿಸೆಂಬರ್ 2024

ಅಕ್ಕ,

ನನಗೆ ಗೊತ್ತಿರಲಿಲ್ಲ. ನಂಬು, ಬಿಡು. ದೂರದ ಬೆಟ್ಟ ನುಣ್ಣಗೆ ಅಂತಾರೆ. ಇಲ್ಲಿಂದ ನಿನ್ನ ಬೆಟ್ಟ ನನಗೆ ಎಣ್ಣೆ ಸವರಿದ ಹಾಗೆ ಕಾಣುತ್ತಿತ್ತು.

ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ಒಬ್ಬಳೇ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಯೋಚಿಸಿದೆ. ನಿನಗಾಗಿ ಪರೀಕ್ಷೆ ಬಿಟ್ಟುಕೊಟ್ಟೆ ಎಂದು ಬರೆಯಬೇಕಿತ್ತು. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ನಾನು ಬಿಟ್ಟರೆ ಆ ಬಂಡೆ ಹತ್ತುವವಳು ಯಾರೋ ಮೂರನೆಯವಳು. ಅವಳನ್ನು ನೆನೆದರೆ ನಿನ್ನನ್ನು ನೆನೆದಾಗಿನದಕ್ಕಿಂತ ಹೆಚ್ಚು ಉರಿಯುತ್ತದೆ. ಬರುತ್ತೇನೆ.

ಆಣೆ ವಿಷಯ ಅಜ್ಜಿಗೆ ಹೇಳಿದೆ, ಭುಜದ ವಿಷಯವಲ್ಲ. ಬೆಟ್ಟದ ಮೇಲೆ ಒಂದೇ ಹಗ್ಗ, ಕೂಗಲೇಬೇಕು, ಆದರೆ ಕೂಗುವುದೆಲ್ಲ ಇಂಗ್ಲಿಷಿನಲ್ಲಿ ಎಂದೆ. ನಮ್ಮಜ್ಜಿ ಪುಟ್ಟತಾಯಮ್ಮನವರು ತೀರ್ಪು ಕೊಡುವ ಗತ್ತಿನಲ್ಲಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ತುಂಬ ಹೊತ್ತು ಅಗಿದರು. "ಆಣೆ ಇಕ್ದಾಗ ಯಾವ್ ಬಾಸೇಲಿ ಇಕ್ಕುದ್ರಿ?" ಎಂದರು. ಕನ್ನಡದಲ್ಲಿ ಎಂದೆ. "ಅಂಗಾರೆ ಕನ್ನಡುಕ್ ಮಾತ್ರ ಕಣವ್ವ ಅದು. ನಮ್ ಮಾರಮ್ಮ ಇಂಗ್ಲೀಸ್ ಇಸ್ಕೂಲ್ಗೇನ್ ಓಗಿಲ್ಲ. ಹತ್ತು, ಇಳಿ ಅನ್ಕಳಿ, ಅವ್ಳಿಗೆ ಗೊತ್ತಾಗಾಕಿಲ್ಲ. ಅದು ಬುಟ್ಟು ಬ್ಯಾರೆ ಬಾಯಿ ಬುಟ್ರೆ ಮಾತ್ರ ಜ್ವಾಪಾನ" ಎಂದರು.

ಒಪ್ಪಿಗೆಯೇ?

ಸುನಿ


ಪಾಂಡವಪುರ
4 ಡಿಸೆಂಬರ್ 2024

ಒಪ್ಪಿಗೆ. ಬರೆದು ಕಳಿಸಿದ ಪದಗಳು ಮಾತ್ರ, ಬೇರೆ ಒಂದಕ್ಷರ ಆಡಬೇಡ. ನಾನೂ ಆಡುವುದಿಲ್ಲ. ಕೆ.ಆರ್. ಪೇಟೆಯಿಂದ ಮೊದಲ ಬಸ್ಸು ಹಿಡಿ, ಬಿಸಿಲೇರಿದರೆ ಬಂಡೆ ಕಾಯುತ್ತದೆ. ಬಳೆ ತೆಗೆದಿಟ್ಟು ಬಾ. ಸೋತರೆ ನನ್ನ ಹತ್ತಿರ ಅಳಬೇಡ. ಗೆದ್ದರಂತೂ ಬರಲೇಬೇಡ.

ರಂಜಿತ


ಅಕ್ಕಿಹೆಬ್ಬಾಳು
10 ಡಿಸೆಂಬರ್ 2024

ಅಕ್ಕ,

ಭಾನುವಾರದಿಂದ ನಿನ್ನ ದನಿ ಕಿವಿಯಲ್ಲೇ ಇದೆ. ಎರಡು ವರ್ಷ ಕೇಳಿರಲಿಲ್ಲ, ಸ್ವಲ್ಪ ದಪ್ಪವಾಗಿದೆ. ನಾನು "ಆನ್ ಬಿಲೇ?" ಎಂದಾಗ ನೀನು ಒಂದು ಗಳಿಗೆ ಸುಮ್ಮನೆ ನಿಂತೆ. ಎಲ್ಲರೂ ನಿನ್ನ ಮುಖ ನೋಡಿದರು. ಮುಗಿಯಿತು, ಇವಳು ಉತ್ತರ ಕೊಡುವುದಿಲ್ಲ, ಬಾಯಿ ಮುಚ್ಚಿಕೊಂಡೇ ನನ್ನನ್ನು ಸೋಲಿಸುತ್ತಾಳೆ ಎಂದುಕೊಂಡೆ. ಆಮೇಲೆ ನೀನು "ಬಿಲೇ ಆನ್" ಎಂದೆ. ಆ ಗಳಿಗೆಯಲ್ಲಿ ಏನು ಯೋಚಿಸಿದೆ ಎಂದು ಕೇಳುವುದಿಲ್ಲ. ನಾನಾಗಿದ್ದರೂ ಅದನ್ನೇ ಯೋಚಿಸುತ್ತಿದ್ದೆ.

ಅರ್ಧದವರೆಗೆ ಸುಲಭವಾಯಿತು. ಆಮೇಲೆ ಆ ಉಬ್ಬಿದ ಬಂಡೆ ಬಂತಲ್ಲ, ಅಲ್ಲಿ ಕೈಗೆ ಏನೂ ಸಿಗಲಿಲ್ಲ. ತಬ್ಬಿಕೊಳ್ಳಲು ಹೋದೆ. ನೀನು ಬರೆದಿದ್ದೆ, ಬಂಡೆಗೆ ಬರೀ ಮುಖ ಎಂದು. ಕಾಲು ಜಾರಿತು. "ಟೇಕ್" ಎಂದು ಕಿರುಚಿದೆ. ಹಗ್ಗ ಬಿಗಿಯಾಯಿತು, ಹಲ್ಲಿಯ ಹಾಗೆ ನೇತಾಡಿದೆ. ಕಾಲುಗಳು ತಾವಾಗಿ ನಡುಗತೊಡಗಿದವು. ಅಷ್ಟು ಮರ ಹತ್ತಿದವಳು, ಒಮ್ಮೆಯೂ ಹಾಗೆ ನಡುಗಿರಲಿಲ್ಲ. ಲೋವರ್ ಎನ್ನಬೇಕು ಎಂದು ಬಾಯಿ ತೆರೆದೆ. ಎಂದಿದ್ದರೆ ಕೆಲಸ ಮುಗಿಯುತ್ತಿತ್ತು, ನೀನೂ ನಿನ್ನ ಜಾಗದಲ್ಲಿ ಇನ್ನಷ್ಟು ದಿನ ಇರುತ್ತಿದ್ದೆ.

ಆಗ ಕೆಳಗಿನಿಂದ ನೀನು ಕೂಗಿದೆ. "ಗಾಟ್ ಯೂ!"

ಅದು ನೀನು ಬರೆದು ಕಳಿಸಿದ್ದರಲ್ಲಿ ಇರಲಿಲ್ಲ. ಆ ಎರಡು ಪದ ಶಾಲೆಯಲ್ಲಿ ಬಿಡಿಬಿಡಿಯಾಗಿ ಓದಿದ್ದೆ, ಸೇರಿಸಿ ಯಾರೂ ನನಗೆ ಅಂದಿರಲಿಲ್ಲ. ಹತ್ತು ಎಂದೆಯೋ, ಇಳಿ ಎಂದೆಯೋ, ತಿಳಿಯಲಿಲ್ಲ. ಆದರೆ ಕಾಲು ನಡುಗುವುದು ನಿಂತಿತು. ಪಕ್ಕದಲ್ಲೇ ಒಂದು ಸೀಳಿತ್ತು, ಅದುವರೆಗೆ ಕಂಡಿರಲಿಲ್ಲ. ಬೆರಳು ತೂರಿಸಿದೆ, ಮೇಲೆ ಹೋದೆ.

ನೆತ್ತಿಯ ಮೇಲೆ ನಿಂತು ಕೆಳಗೆ ನೋಡಿದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನನ್ನನ್ನೇ ನೋಡುತ್ತಿದ್ದರು. ನನಗೆ ಬೇಕಾಗಿದ್ದುದು ಅದೇ. ನೀನೊಬ್ಬಳು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕೆಟ್ಟ ಸಿಟ್ಟು ಬಂತು. ಆಮೇಲೆ ನೋಡಿದರೆ ನಿನ್ನ ಎರಡೂ ಕೈ ಹಗ್ಗದ ಮೇಲಿತ್ತು.

ನಾಗಾರ್ಜುನ ಸರ್ ಫೋನು ಮಾಡಿದ್ದರು. ಹೊಸ ವರ್ಷದಿಂದ ಬಾ ಎಂದರು. ರಂಜಿತ ಎಂದಿನಂತೆ ಹಗ್ಗ ಹಿಡಿಯುತ್ತಾಳೆ ಎಂದರು. ಗೆದ್ದರೆ ಬರಲೇಬೇಡ ಎಂದಿದ್ದೆಯಲ್ಲ, ಅದಕ್ಕೆ ಕಾಗದದಲ್ಲಿ ಹೇಳುತ್ತಿದ್ದೇನೆ.

ಅಜ್ಜಿಗೆ ಎಲ್ಲ ಹೇಳಿದೆ, ಆ ಕೂಗಿನ ತನಕ. ಅಜ್ಜಿ ಎಲೆ ಅಡಿಕೆ ಉಗಿದು ಬಂದು ಕೂತಳು. "ಅದು ಬೆಟ್ಟದ್ ಮಾತಾ, ಮನ್ಸಿನ್ ಮಾತಾ?" ಎಂದಳು. ಗೊತ್ತಿಲ್ಲ ಎಂದೆ. "ಬೆಟ್ಟದ್ದಾದ್ರೆ ಬುಡು, ದೋಸ ಇಲ್ಲ. ಮನ್ಸಿನ್ದಾದ್ರೆ ಯಾವ್ ಬಾಸೆ ಆದ್ರೇನವ್ವ, ಆಣೆ ಮುರುದ್ಬುಡ್ತು. ಅವ್ಳನ್ನೇ ಕೇಳು" ಎಂದಳು.

ಕೇಳುತ್ತಿದ್ದೇನೆ. ಯಾವುದು? ಕನ್ನಡದಲ್ಲಿ ಅದಕ್ಕೆ ಏನನ್ನುತ್ತಾರೆ?

ಸುನಿ


ಪಾಂಡವಪುರ
16 ಡಿಸೆಂಬರ್ 2024

ಸುನಿ,

ಚಪ್ಪಾಳೆ ತಟ್ಟದೆ ಇದ್ದದ್ದು ಕೈಯಲ್ಲಿ ಹಗ್ಗವಿತ್ತು ಅಂತ ಮಾತ್ರವಲ್ಲ. ನೀನು ಒಳ್ಳೆಯತನದಿಂದ ಹಾಗೆ ತಿಳಿದುಕೊಳ್ಳುವುದು ನನಗೆ ಇಷ್ಟವಿಲ್ಲ. ನೀನು ಆ ಉಬ್ಬಿನ ಹತ್ತಿರ ಬಂದಾಗ ನನ್ನ ಹೊಟ್ಟೆಯಲ್ಲಿ ಒಲೆ ಹಚ್ಚಿದಂತಿತ್ತು. ನಾನು ಬಿದ್ದದ್ದು ಅದೇ ಜಾಗದಲ್ಲಿ. ನೀನು ಜಾರಿದೆ. ಸುಳ್ಳು ಹೇಳುವುದಿಲ್ಲ, ಕಣ್ಣು ಮಿಟುಕಿಸುವಷ್ಟು ಹೊತ್ತು ಖುಷಿಯಾಯಿತು. ಇವಳಿಗೂ ಆಗಲಿಲ್ಲ, ಕೈಲಾಗದವಳು ನಾನೊಬ್ಬಳೇ ಅಲ್ಲ ಎಂದು.

ಅಷ್ಟರಲ್ಲಿ ನಿನ್ನ ಭಾರ ಬಂತು. ಪೂರ್ತಿ ಭಾರ, ನನ್ನ ಸೊಂಟಕ್ಕೆ. ಚಿಕ್ಕಂದಿನಲ್ಲಿ ಹುಣಸೆಮರದಿಂದ ಇಳಿಯಲು ಹೆದರಿ ನನ್ನ ಹೆಗಲ ಮೇಲೆ ಕಾಲು ಇಡುತ್ತಿದ್ದೆಯಲ್ಲ, ಅದೇ ಭಾರ. ಮೇಲೆ ನೋಡಿದೆ. ನಿನ್ನ ಕಾಲು ನಡುಗುತ್ತಿತ್ತು.

ನಾನು ಬಿದ್ದ ದಿನ ಕೆಳಗಿದ್ದವರು ಹಗ್ಗವನ್ನು ಸರಿಯಾಗಿಯೇ ಹಿಡಿದಿದ್ದರು. ಆದರೆ ಯಾರೂ ಏನೂ ಕೂಗಲಿಲ್ಲ. ಭುಜ ಹೋಗಿ ನೇತಾಡುತ್ತಿದ್ದಾಗ, ಕೆಳಗೆ ಯಾರೂ ಇಲ್ಲ, ಹಗ್ಗದ ಇನ್ನೊಂದು ತುದಿಯನ್ನು ಕಲ್ಲಿಗೆ ಕಟ್ಟಿ ಎಲ್ಲರೂ ಮನೆಗೆ ಹೋಗಿದ್ದಾರೆ ಎಂದು ಅನ್ನಿಸಿತ್ತು. ಇವತ್ತಿಗೂ ನಿದ್ದೆಯಲ್ಲಿ ಬರುವುದು ನೋವಲ್ಲ, ಆ ಸದ್ದಿಲ್ಲದ ಗಳಿಗೆ.

ಆ ಕೂಗನ್ನು ನಿನಗೆ ಬರೆದು ಕಳಿಸದಿದ್ದುದು ಹೊಟ್ಟೆಕಿಚ್ಚಿಗಲ್ಲ. ಅದು ಹತ್ತುವವಳು ಕಲಿಯಬೇಕಾದದ್ದಲ್ಲ, ಹಿಡಿದವಳಿಗೆ ಅನ್ನಿಸಿದರೆ ಅನ್ನಬೇಕಾದದ್ದು. ಅನ್ನದಿದ್ದರೂ ಪರೀಕ್ಷೆಯಲ್ಲಿ ಯಾರೂ ಅಂಕ ಕಳೆಯುವುದಿಲ್ಲ. ನಿನಗೆ ಅದನ್ನು ಅನ್ನಬೇಕಾಗುತ್ತದೆ ಎಂದು ನಾನು ಅಂದುಕೊಂಡಿರಲೂ ಇಲ್ಲ.

ನಿನಗೆ ಈಗ ಬೆಟ್ಟವೂ ಇದೆ, ಮರವೂ ಇದೆ, ಅಜ್ಜಿಯೂ ಇದ್ದಾಳೆ. ನಾನು ಬುಡದಲ್ಲಿ ನಿಂತು ದಿನಾ ನಿನ್ನ ಪಾದ ನೋಡಬೇಕು. ನನ್ನ ಹೊಟ್ಟೆಕಿಚ್ಚು ಹೋಗಿದೆ ಎಂದು ತಿಳಿಯಬೇಡ. ಒಂದನೇ ತಾರೀಕು ಬಾ, ಅದೂ ಅಲ್ಲೇ ಇರುತ್ತದೆ, ಹಗ್ಗವೂ ಇರುತ್ತದೆ.

ಕನ್ನಡದಲ್ಲಿ ಏನನ್ನುತ್ತಾರೆ ಎಂದು ಕೇಳಿದ್ದೀಯ. ಅದನ್ನು ಕಾಗದದಲ್ಲಿ ಬರೆಯುವುದಿಲ್ಲ. ಇಪ್ಪತ್ತನಾಲ್ಕಕ್ಕೆ ಮಂಗಳವಾರ. ಮೊದಲ ಬಸ್ಸಿಗೆ ಬರುತ್ತೇನೆ, ಅಜ್ಜಿಯನ್ನು ಕರೆದುಕೊಂಡು ಮಾರಮ್ಮನ ಗುಡಿ ಹತ್ತಿರ ನಿಂತಿರು. ತಪ್ಪುಕಾಣಿಕೆಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಟ್ಟಿದ್ದೇನೆ. ಒಂದೇ ಗಂಟು. ನೀನೂ ಒಂದು ಕಟ್ಟಿಕೊಂಡು ಬಂದು, ಆಣೆ ಮುರಿದದ್ದು ನಾನೂ ಹೌದು ಎಂದು ಪಾಲು ಕೇಳಬೇಡ. ಊರು ಏನಾದರೂ ಅಂದುಕೊಳ್ಳಲಿ, ಇದರಲ್ಲಿ ನಿನಗೆ ಪಾಲು ಕೊಡುವುದಿಲ್ಲ. ಮೊದಲು ಮಾತಾಡಿದವಳು ನಾನು.

ನಿನ್ನ ಅಕ್ಕ
ರಂಜಿತ